ಗಾಳಿ ಬಂತು, ಮಳೆ ಎಲ್ಲಿ?

ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಅಂಕದ ಪ್ರಶ್ನೆ ಇದು: ಕರ್ನಾಟಕಕ್ಕೆ ಅತಿ ಹೆಚ್ಚು ಮಳೆ ತರುವ ಕಾಲ ಯಾವುದು? ನೈರುತ್ಯ ಮಾನ್ಸೂನ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂದು ಬರೆದರೆ ಅಂಕ ಖಂಡಿತ. ಆದರೆ ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯ ಒಬ್ಬ ಹುಡುಗಿ ಈ ಉತ್ತರವನ್ನು ಬಾಯಿಪಾಠ ಮಾಡುತ್ತಾ ಜುಲೈ ತಿಂಗಳ ನಡುವೆ ಶಾಲೆಯ ಕಿಟಕಿಯಿಂದ ಹೊರಗೆ ನೋಡಿದಳೆನ್ನಿ. ಆಕೆಗೆ ಕಾಣುವುದೇನು? ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿರುತ್ತವೆ. ಮೈದಾನದ ಧೂಳು ಎದ್ದು ಬಾಗಿಲಿಗೆ ಬಡಿಯುತ್ತಿರುತ್ತದೆ. ನೆಲ ಮಾತ್ರ ಒಣಗಿಯೇ ಇರುತ್ತದೆ. ಎಲ್ಲೋ ಒಮ್ಮೆ ನಾಲ್ಕು ಹನಿ ಉದುರಿದರೆ ಗಾಳಿ ಅದನ್ನೂ ಆರಿಸಿಬಿಡುತ್ತದೆ.

ಪುಸ್ತಕ ಸುಳ್ಳು ಹೇಳಿದೆಯೇ? ಇಲ್ಲ. ಅದು ಹೇಳಿದ್ದು ಇಡೀ ರಾಜ್ಯದ ಲೆಕ್ಕ. ಆ ಲೆಕ್ಕದೊಳಗೆ ಆಗುಂಬೆಯೂ ಇದೆ, ಜವನಗೊಂಡನಹಳ್ಳಿಯೂ ಇದೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಊರು ಭೂಪಟದಲ್ಲಿ ಎಲ್ಲಿಯೂ ಇಲ್ಲ!

ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಹೋದವರಿಗೆ ಈ ಊರು ಗೊತ್ತಿರಬೇಕು. ಶಿರಾ ದಾಟಿದ ಮೇಲೆ, ಹಿರಿಯೂರು ಬರುವ ಮುಂಚೆ ಸಿಗುವ ಹೋಬಳಿ ಕೇಂದ್ರ. ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಅದು ಜೆ.ಜಿ. ಹಳ್ಳಿ. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಬಯಲು ನಾಡು. ಹಿರಿಯೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 500ರಿಂದ 600 ಮಿ.ಮೀ. ಆಸುಪಾಸು. ಇಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ 200 ಕಿ.ಮೀ. ಒಳಗೇ ಇರುವ ಆಗುಂಬೆಯಲ್ಲಿ 7,000 ಮಿ.ಮೀ.ಗೂ ಹೆಚ್ಚು. ಅಂದರೆ ಹನ್ನೆರಡು ಪಟ್ಟಿಗೂ ಮಿಗಿಲು. ಒಂದೇ ಗಾಳಿ, ಒಂದೇ ಮೋಡ, ಒಂದೇ ತಿಂಗಳು. ಆದರೂ ಇಷ್ಟು ಪಂಕ್ತಿಭೇದ ಏಕೆ?

ಇದಕ್ಕೆ ಉತ್ತರ ಗೋಡೆ. ಅರಬ್ಬಿ ಸಮುದ್ರದಿಂದ ನೀರಾವಿ ಹೊತ್ತು ಬರುವ ಗಾಳಿ ಪಶ್ಚಿಮ ಘಟ್ಟಕ್ಕೆ ಎದುರಾದಾಗ ಮೇಲೇರಲೇಬೇಕು. ಮೇಲೇರಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಮೊದಲಿನಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಹೊರೆ ಇಳಿಸಿಬಿಡುತ್ತದೆ. ಹಾಗೆ ಇಳಿಸಿದ್ದೇ ಮಲೆನಾಡಿನ ಮಳೆ. ಘಟ್ಟ ದಾಟಿದ ಮೇಲೂ ಅದಕ್ಕೆ ಬಿಡುಗಡೆಯಿಲ್ಲ. ನಮ್ಮ ಹಿರಿಯೂರಿನ ನೇರಕ್ಕೆ, ನೈರುತ್ಯ ದಿಕ್ಕಿನಲ್ಲಿ, ಬಾಬಾಬುಡನ್‌ಗಿರಿ ಸಾಲು ಎರಡನೇ ಗೋಡೆಯಾಗಿ ನಿಂತಿದೆ. ಅದರಲ್ಲಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ ಇದೆ. ಉಳಿದಿದ್ದ ತೇವವನ್ನು ಅಲ್ಲಿ ಸುರಿದು ಗಾಳಿ ಬಯಲಿಗೆ ಇಳಿಯುತ್ತದೆ. ಇಳಿಯುವಾಗ ಬೆಚ್ಚಗಾಗುತ್ತದೆ. ಬೆಚ್ಚಗಾದ ಗಾಳಿ ಮಳೆ ಕೊಡುವುದಿರಲಿ, ನೆಲದಲ್ಲಿದ್ದ ಪಸೆಯನ್ನೂ ಹೀರಲು ನೋಡುತ್ತದೆ. ಭೂಗೋಳದಲ್ಲಿ ಇದಕ್ಕೆ ಮಳೆ ನೆರಳಿನ ಪ್ರದೇಶ ಎನ್ನುತ್ತಾರೆ. ಬಹಳ ಒಳ್ಳೆಯ ಹೆಸರು. ಮರದ ನೆರಳು ತಂಪು, ಮಳೆಯ ನೆರಳು ಬಿಸಿ ಎಂಬುದೊಂದೇ ವ್ಯತ್ಯಾಸ.

ಹಾಗಾದರೆ ಗಾಳಿಯ ಅಬ್ಬರವೇಕೆ? ಮಾನ್ಸೂನ್ ಗಾಳಿಯಲ್ಲಿ ನೆಲದಿಂದ ಸುಮಾರು ಒಂದು, ಒಂದೂವರೆ ಕಿ.ಮೀ. ಎತ್ತರದಲ್ಲಿ ಅತಿ ವೇಗದ ಒಂದು ಪ್ರವಾಹ ಹರಿಯುತ್ತದೆ. ಪೂರ್ವ ಆಫ್ರಿಕಾದ ಕರಾವಳಿಯ ಬಳಿ ಸಮಭಾಜಕ ವೃತ್ತವನ್ನು ದಾಟಿ, ಸೊಮಾಲಿಯಾದ ಬದಿಯಿಂದ ತಿರುಗಿ, ಅರಬ್ಬಿ ಸಮುದ್ರವನ್ನು ಹಾದು ನಮ್ಮ ಪರ್ಯಾಯ ದ್ವೀಪದ ಮೇಲೆ ಬರುತ್ತದೆ. 1960ರ ದಶಕದ ಕೊನೆಯಲ್ಲಿ ಫಿಂಡ್‌ಲೇಟರ್ ಎಂಬ ಹವಾಮಾನ ತಜ್ಞರು ಇದನ್ನು ವಿವರವಾಗಿ ಗುರುತಿಸಿದರು. ಆದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಜೂನ್, ಜುಲೈ ತಿಂಗಳುಗಳಲ್ಲಿ ಅದು ಅತಿ ಪ್ರಬಲ. ನಮ್ಮವರು ಆಷಾಢದ ಗಾಳಿ ಎಂದು ಕರೆಯುವುದು ಇದನ್ನೇ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆಯಲ್ಲ, ಅವುಗಳಿಗೆ ಸುಗ್ಗಿ ಆಗಲೇ. ರೈತ ಮುಗಿಲು ನೋಡಿ ನಿಟ್ಟುಸಿರು ಬಿಡುವ ತಿಂಗಳಲ್ಲಿ ಗುಡ್ಡದ ಮೇಲೆ ವಿದ್ಯುತ್ತು ಧಾರಾಳವಾಗಿ ಬೆಳೆಯುತ್ತಿರುತ್ತದೆ. ಅದೇ ಗಾಳಿ ಒಬ್ಬರಿಗೆ ಬೆಳೆ, ಒಬ್ಬರಿಗೆ ಬರ.

ಇಲ್ಲಿಗೆ ಮಳೆ ಬರುವುದು ಹೆಚ್ಚಾಗಿ ಆ ಗಾಳಿ ಸೋತ ಮೇಲೆ. ವರ್ಷದಲ್ಲಿ ಎರಡು ಏರು. ಮೇ ತಿಂಗಳಲ್ಲಿ ಒಂದು ಚಿಕ್ಕ ಏರು. ಬೇಸಿಗೆಯ ಕಾವಿನಿಂದ ಎದ್ದ ಗುಡುಗು ಮಳೆ. ಆಮೇಲೆ ಜೂನ್, ಜುಲೈನ ಗಾಳಿಯ ಬಿಡುವು. ಆಗಸ್ಟ್ ಕಳೆಯುತ್ತಾ ಬಂದಂತೆ ಪಶ್ಚಿಮದ ಗಾಳಿ ಸಡಿಲವಾಗುತ್ತದೆ. ಬೆಳಿಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನ ಹತ್ತಿಯ ಗುಡ್ಡೆಯಂತೆ ಮೇಲೇಳುವ ಮೋಡ, ಸಂಜೆಗೆ ಗುಡುಗು, ಮಿಂಚು, ಸುರಿತ. ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಕೈಜೋಡಿಸುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳು ವರ್ಷದ ಮಳೆಯ ದೊಡ್ಡ ಪಾಲನ್ನು ಸುರಿದುಬಿಡುತ್ತವೆ. ಜವನಗೊಂಡನಹಳ್ಳಿಯ ಮಗು ತನ್ನ ಊರಿನ ಮಟ್ಟಿಗೆ ಬರೆಯಬೇಕಾದ ಉತ್ತರ ಇದು. ಪರೀಕ್ಷೆಯಲ್ಲಿ ಹೀಗೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ, ಅಂಕ ಹೋದರೆ ತಂದೆತಾಯಿಗಳು ನನ್ನ ಮೇಲೆ ಬಂದಾರು!

ಇದೆಲ್ಲ ಮನೆಯ ಹಿರಿಯರಿಗೆ ಗೊತ್ತಿಲ್ಲವೆಂದಲ್ಲ. ಅವರಲ್ಲಿ ಬೇರೆ ಒಂದು ಪಂಚಾಂಗವಿದೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಓದಿದ ಮಕ್ಕಳು ಇದನ್ನು ಜ್ಯೋತಿಷ್ಯವೆಂದು ತಿಳಿದು ಬದಿಗಿಡುವುದುಂಟು. ಸ್ವಲ್ಪ ತಾಳಿ. ಇದರ ಹಿಂದಿರುವುದು ಗಣಿತ. ಆಕಾಶದಲ್ಲಿ ಸೂರ್ಯ ಒಂದು ವರ್ಷದಲ್ಲಿ ಸುತ್ತಿಬರುವ ಹಾದಿಯನ್ನು 27 ನಕ್ಷತ್ರಗಳಾಗಿ ಪಾಲು ಮಾಡಿದ್ದಾರೆ. 365 ದಿನಗಳನ್ನು 27ರಿಂದ ಭಾಗಿಸಿ ನೋಡಿ, ಸುಮಾರು ಹದಿಮೂರೂವರೆ ದಿನ ಬರುತ್ತದೆ. ಸೂರ್ಯ ಯಾವ ಪಾಲಿನಲ್ಲಿದ್ದಾನೋ ಆ ಹದಿಮೂರು, ಹದಿನಾಲ್ಕು ದಿನ ಬೀಳುವುದು ಆ ನಕ್ಷತ್ರದ ಮಳೆ.

ಇಲ್ಲಿ ಗಮನಿಸಬೇಕಾದ ಜಾಣತನವೊಂದಿದೆ. ಯುಗಾದಿ, ಗೌರಿಹಬ್ಬ, ದೀಪಾವಳಿ ಇವೆಲ್ಲ ಚಂದ್ರನ ಲೆಕ್ಕ. ಇಂಗ್ಲಿಷ್ ತಾರೀಖಿನಲ್ಲಿ ವರ್ಷ ವರ್ಷವೂ ಹಿಂದೆ ಮುಂದೆ ಆಗುತ್ತವೆ. ಮಳೆ ನಕ್ಷತ್ರ ಮಾತ್ರ ಸೂರ್ಯನ ಲೆಕ್ಕ. ಆರಿದ್ರೆ ಹುಟ್ಟುವುದು ಪ್ರತಿ ವರ್ಷವೂ ಜೂನ್ 21-22ರ ಹೊತ್ತಿಗೆ, ಹುಬ್ಬೆ ಆಗಸ್ಟ್ ಕೊನೆಗೆ, ಚಿತ್ತೆ ಅಕ್ಟೋಬರ್ 10-11ಕ್ಕೆ. ಋತುಗಳನ್ನು ನಡೆಸುವವನು ಸೂರ್ಯ, ಆದ್ದರಿಂದ ಬಿತ್ತನೆಗೆ ಸೂರ್ಯನ ಲೆಕ್ಕವೇ ಆಗಬೇಕು ಎಂದು ಅಕ್ಷರ ಕಲಿಯದ ಒಕ್ಕಲಿಗನಿಗೂ ತಿಳಿದಿತ್ತು. ಹಬ್ಬಕ್ಕೆ ಚಂದ್ರ, ಹೊಲಕ್ಕೆ ಸೂರ್ಯ. ಎರಡು ಕ್ಯಾಲೆಂಡರುಗಳನ್ನು ಗೋಡೆಗೆ ಮೊಳೆ ಹೊಡೆಯದೆ ತಲೆಯಲ್ಲಿ ಇಟ್ಟುಕೊಂಡವರು ಅವರು.

ಇನ್ನೊಂದು ಸ್ವಾರಸ್ಯ. ಆರಿದ್ರೆ ಮಳೆಯ ಕಾಲದಲ್ಲಿ ಆರಿದ್ರೆ ನಕ್ಷತ್ರವನ್ನು ನೋಡಲು ಸಾಧ್ಯವೇ ಇಲ್ಲ, ಏಕೆಂದರೆ ಸೂರ್ಯ ಅದರ ನೇರಕ್ಕೇ ಇರುತ್ತಾನೆ. ಅದನ್ನು ನೋಡಬೇಕೆಂದರೆ ಜನವರಿಯ ಸಂಜೆ ಪೂರ್ವ ದಿಕ್ಕಿಗೆ ತಿರುಗಿ. ಮಹಾವ್ಯಾಧ ಎಂಬ ಬೇಟೆಗಾರನ ಆಕೃತಿಯ ಹೆಗಲಲ್ಲಿ ಕೆಂಪಗೆ ಹೊಳೆಯುವ ತಾರೆಯೇ ಅದು. ಜವನಗೊಂಡನಹಳ್ಳಿಯಂಥ ಊರಿನ ಒಣ ಚಳಿಗಾಲದ ಆಕಾಶ ಇದಕ್ಕೆ ಹೇಳಿ ಮಾಡಿಸಿದ್ದು. ಮಲೆನಾಡಿನ ಮಕ್ಕಳಿಗೆ ಮಂಜು ಅಡ್ಡ ಬಂದೀತು, ಬೆಂಗಳೂರಿನವರಿಗೆ ಬೀದಿದೀಪ.

ಗಾದೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ’ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆದರೆ ಹಿರಿಯೂರಿನ ಬಯಲಿನಲ್ಲಿ ಆರಿದ್ರೆ ಎಂದರೆ ಬಹುತೇಕ ಗಾಳಿಯ ಪಕ್ಷ. ಅಲ್ಲಿ ಆರಿದ್ರೆಯನ್ನೇ ನಂಬಿ ಕೂತರೆ ದರಿದ್ರೆ ಗ್ಯಾರಂಟಿ. ಆ ಗಾದೆ ಮಳೆ ಹೊತ್ತಿಗೆ ಸರಿಯಾಗಿ ಬರುವ ಯಾವುದೋ ನಾಡಿನಲ್ಲಿ ಹುಟ್ಟಿ ಇಲ್ಲಿಗೆ ಬಂದಿರಬೇಕು ಎಂದು ನನ್ನ ಊಹೆ. ಗಾದೆಗೂ ಊರುಂಟು. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಈ ನಾಲ್ಕು ಮಳೆಗಳೇ ಇಲ್ಲಿನ ಅನ್ನ. ಮತ್ತೊಂದು ಸೂಕ್ಷ್ಮವಿದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರದ ಲೆಕ್ಕ ಋತುವಿನ ಲೆಕ್ಕದಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸರಿಯುತ್ತದೆ. ಒಂದು ಕಾಲಕ್ಕೆ ಉತ್ತರಾಯಣದ ಹೊತ್ತಿಗೇ ಬರುತ್ತಿದ್ದ ಮಕರ ಸಂಕ್ರಾಂತಿ ಈಗ ಜನವರಿ 14-15ಕ್ಕೆ ಬಂದು ನಿಂತಿರುವುದು ಹೀಗೆ ಸರಿದೇ. ಮುನ್ನೂರು ವರ್ಷಕ್ಕೆ ನಾಲ್ಕು ದಿನ, ಅಷ್ಟೇನೂ ದೊಡ್ಡದಲ್ಲ. ‘ಈಗಿನ ಮಳೆ ನಕ್ಷತ್ರಕ್ಕೆ ಸರಿಯಾಗಿ ಬರುವುದಿಲ್ಲ’ ಎಂದು ಅಜ್ಜಂದಿರು ದೂರುವುದಕ್ಕೆ ಕಾರಣ ಇದಲ್ಲ. ಅದಕ್ಕೆ ಮಳೆಯ ಚಂಚಲ ಸ್ವಭಾವವೇ ಕಾರಣ, ಜೊತೆಗೆ ಬಿಸಿಯಾಗುತ್ತಿರುವ ಭೂಮಿ.

ಈಗ ಹೊಲಕ್ಕೆ ಬರೋಣ. ಏಕೆಂದರೆ ಹವಾಮಾನ ಎಂಬುದು ಇಲ್ಲಿ ಮಾತಿನ ನಡುವೆ ಬಂದುಹೋಗುವ ವಿಷಯವಲ್ಲ, ಮನೆಯ ಆಯವ್ಯಯ. ಮಳೆಯಾಶ್ರಯದ ಮುಖ್ಯ ಬೆಳೆ ಶೇಂಗಾ, ಜೊತೆಗೆ ರಾಗಿ, ಜೋಳ, ತೊಗರಿ, ನವಣೆ, ಸಾಮೆ. ಶೇಂಗಾ ಬೀಜ ದುಬಾರಿ. ಎಕರೆಗೆ ಸುಲಿದ ಬೀಜ ನಲವತ್ತು, ಐವತ್ತು ಕಿಲೊ ಬೇಕು. ರಾಗಿಯಂತೆ ಸೇರು ಪಾವಿನಲ್ಲಿ ಮುಗಿಯುವ ಬಾಬತ್ತಲ್ಲ. ಈ ಬೀಜ ಕೊಳ್ಳುವ ಹೊತ್ತು ಯಾವುದು? ಜೂನ್. ಶಾಲೆ ಆರಂಭವಾಗುವ ಹೊತ್ತು? ಅದೂ ಜೂನ್. ಒಂದೇ ಜೇಬಿಗೆ ಎರಡು ಕೈ. ಪಟ್ಟಣದ ಪೋಷಕರು ಮೇ ತಿಂಗಳ ಸಂಬಳದಲ್ಲಿ ಪುಸ್ತಕ, ಸಮವಸ್ತ್ರ ಕೊಳ್ಳುತ್ತಾರೆ. ಇಲ್ಲಿನ ಪೋಷಕರು ಹೋದ ವರ್ಷದ ಅಕ್ಟೋಬರಿನ ಮಳೆಯಲ್ಲಿ ಕೊಳ್ಳುತ್ತಾರೆ. ಆ ಮಳೆ ಕೈಕೊಟ್ಟಿದ್ದರೆ ಮಗುವಿನ ಶುಲ್ಕಕ್ಕೂ ಬೀಜಕ್ಕೂ ಸಾಲವೇ ಗತಿ. ಯಾವುದಾದರೂ ಒಂದು ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗ ಜುಲೈನಲ್ಲಿ ಶಾಲೆಗೆ ಬಾರದೆ ಹೋದರೆ, ಮೇಷ್ಟ್ರು ಕಾರಣ ಹುಡುಕಬೇಕಾದ್ದು ಹಾಜರಿ ಪುಸ್ತಕದಲ್ಲಲ್ಲ, ಹಿಂದಿನ ವರ್ಷದ ಮಳೆಯ ಲೆಕ್ಕದಲ್ಲಿ.

ಯಾವಾಗ ಬಿತ್ತಬೇಕೆಂಬುದೇ ದೊಡ್ಡ ಜೂಜು. ಶೇಂಗಾ ಗಿಡದ ಸ್ವಭಾವ ವಿಚಿತ್ರ. ಹೂವು ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದ ಒಳಗೆ. ಬಿತ್ತಿದ ಇಪ್ಪತ್ತೈದು, ಮೂವತ್ತು ದಿನಕ್ಕೆ ಹಳದಿ ಹೂವು ಬರುತ್ತದೆ. ಹೂವು ಫಲಿತಗೊಂಡ ಮೇಲೆ ಅದರ ಬುಡದಿಂದ ಸೂಜಿಯಂಥ ತೊಟ್ಟೊಂದು ಕೆಳಮುಖವಾಗಿ ಬೆಳೆದು ಮಣ್ಣಿಗೆ ಚುಚ್ಚುತ್ತದೆ. ಊಡು ಇಳಿಯುವುದು ಎಂದರೆ ಇದೇ. ಅದರ ತುದಿ ಮಣ್ಣಿನ ಕತ್ತಲಲ್ಲಿ ಉಬ್ಬಿ ಕಾಯಿಯಾಗುತ್ತದೆ. ಆ ಹೊತ್ತಿನಲ್ಲಿ ಮೇಲ್ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಊಡು ಒಳಗೆ ಇಳಿಯಲಾರದು. ಗಿಡ ಹಸಿರಾಗಿ ನಳನಳಿಸುತ್ತಿರುತ್ತದೆ, ಕಿತ್ತು ನೋಡಿದರೆ ಕಾಯಿಯೇ ಇಲ್ಲ. ದಾರಿಹೋಕ ಬಸ್ಸಿನಿಂದ ನೋಡಿ ‘ಈ ವರ್ಷ ಹಿರಿಯೂರು ಕಡೆ ಬೆಳೆ ಚೆನ್ನಾಗಿದೆ’ ಎಂದುಕೊಂಡು ಹೋಗುವುದೂ ಇಂಥ ಹೊಲವನ್ನೇ.

ಲೆಕ್ಕ ಹಾಕಿ. ಜುಲೈ ಮೊದಲ ವಾರ ಬಿತ್ತಿದರೆ ಆಗಸ್ಟ್ ಆರಂಭಕ್ಕೆ ಹೂವು, ಮಘೆಯ ಹೊತ್ತಿಗೆ ಊಡು, ಹುಬ್ಬೆ ಉತ್ತರೆಗಳಲ್ಲಿ ಕಾಯಿ ತುಂಬುವುದು, ಅಕ್ಟೋಬರ್ ಕೊನೆಗೆ ಕೀಳುವುದು. ನೆಚ್ಚಬಹುದಾದ ಮಳೆಯ ಕಾಲ ಕಾಯಿ ತುಂಬುವ ಕಾಲಕ್ಕೆ ಸರಿಯಾಗಿ ಕೂಡುತ್ತದೆ. ಮೇ ತಿಂಗಳ ಮಳೆಗೆ ಮರುಳಾಗಿ ಬೇಗ ಬಿತ್ತಿದರೆ ಹೂವಿನ ಹೊತ್ತಿಗೆ ಜೂನ್, ಜುಲೈನ ಒಣ ಗಾಳಿ ಎದುರಾಗುತ್ತದೆ. ಆಗಸ್ಟಿಗೆ ತಳ್ಳಿದರೆ ಕಾಯಿ ತುಂಬುವಾಗ ಮಳೆ ಹಿಂದೆ ಸರಿದಿರುತ್ತದೆ. ಸರಿಯಾದ ಕಿಂಡಿ ಕೆಲವೇ ವಾರಗಳದ್ದು. ಆ ಕಿಂಡಿಯಲ್ಲಿ ಬಿತ್ತನೆಗೆ ಸಾಕಾಗುವ ಒಂದು ಹದ ಮಳೆ ಬೀಳಬೇಕು. ಆದರೆ ಅದೇ ಗಾಳಿಯ ಕಾಲ! ಈ ಬಯಲಿನ ಇಡೀ ಸಂಕಟ ಈ ಒಂದು ವಾಕ್ಯದಲ್ಲಿದೆ. ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರದಲ್ಲಿ ಒಣಬೇಸಾಯದ ತಜ್ಞರು ಕೆಲಸ ಮಾಡುತ್ತಿದ್ದಾರೆ. ನಮ್ಮ ರಾಜ್ಯವನ್ನು ಕೃಷಿ ಹವಾಮಾನದ ದೃಷ್ಟಿಯಿಂದ ಹತ್ತು ವಲಯಗಳಾಗಿ ವಿಂಗಡಿಸಿದ್ದು, ಈ ಸೀಮೆ ಅದರಲ್ಲಿ ಮಧ್ಯ ಒಣ ವಲಯ. ಶಾಲೆಯವರು ಮಕ್ಕಳನ್ನು ಪ್ರವಾಸಕ್ಕೆಂದು ದೂರದ ಉದ್ಯಾನಗಳಿಗೆ ಕರೆದೊಯ್ಯುವ ಮುಂಚೆ ಒಮ್ಮೆ ಬಬ್ಬೂರಿಗೂ ಕರೆದೊಯ್ದರೆ ಎಷ್ಟು ಚೆನ್ನ.

ಮಾರಿಕಣಿವೆಯ ಮಾತಿಲ್ಲದೆ ಹಿರಿಯೂರಿನ ಮಳೆಯ ಕಥೆ ಪೂರ್ತಿಯಾಗದು. ಬಾಬಾಬುಡನ್‌ಗಿರಿಯ ಕಡೆಯಿಂದ ವೇದ, ಅವತಿ ಎಂಬ ಹೊಳೆಗಳು ಹರಿದು ಕೂಡಿ ವೇದಾವತಿಯಾಗುತ್ತವೆ. ಗೋಡೆ ಕಸಿದುಕೊಂಡ ಮಳೆಯಲ್ಲಿ ಒಂದಿಷ್ಟು ನದಿಯ ರೂಪದಲ್ಲಿ ಬಯಲಿಗೆ ವಾಪಸು ಬರುತ್ತದೆ ಎನ್ನಿ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಈ ನೀರನ್ನು ಹಿಡಿಯುತ್ತದೆ. ಸಾಮರ್ಥ್ಯ 30 ಟಿ.ಎಂ.ಸಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ತಾತ ನೋಡದೆ ಹೋದದ್ದನ್ನು ಮೊಮ್ಮಕ್ಕಳು ನೋಡಿದರು. ಆ ದಿನಗಳಲ್ಲಿ ಅಲ್ಲಿಗೆ ನುಗ್ಗಿದ ಜನಸಾಗರವನ್ನು ನೆನೆದರೆ ನೀರು ಎಂದರೆ ಈ ಸೀಮೆಗೆ ಏನೆಂದು ತಿಳಿಯುತ್ತದೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರೂ ಇಲ್ಲಿಗೆ ಬರುತ್ತಿದೆ ಎಂಬುದನ್ನು ಮರೆಯಬಾರದು.

ಗಣಿತ ಇಷ್ಟಪಡುವವರಿಗೆ ಒಂದು ಲೆಕ್ಕ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. 30 ಟಿ.ಎಂ.ಸಿ. ಸುಮಾರು 85 ಕೋಟಿ ಘನ ಮೀಟರ್. ಜಲಾಶಯದ ಜಲಾನಯನ ಪ್ರದೇಶ 5,300 ಚದರ ಕಿ.ಮೀ.ಗೂ ಹೆಚ್ಚು. ಭಾಗಿಸಿ ನೋಡಿ. ಅಷ್ಟೂ ನೆಲದ ಮೇಲಿಂದ 160 ಮಿ.ಮೀ. ನೀರು ಹರಿದುಬಂದರೆ ಖಾಲಿ ಜಲಾಶಯ ತುಂಬುತ್ತದೆ. ಬೀಳುವ ಮಳೆಯೇನೋ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಿದ್ದೂ ಒಂದು ಆಯುಷ್ಯದಷ್ಟು ಕಾಲ ತುಂಬಲಿಲ್ಲ. ಬಿದ್ದದ್ದನ್ನು ಮಣ್ಣು ಕುಡಿಯಿತು, ಮೇಲಿನ ಕೆರೆಗಳು ಹಿಡಿದವು, ಉಳಿದುದರಲ್ಲಿ ಬಹುಪಾಲನ್ನು ಬಿಸಿಲು, ಗಾಳಿ ಒಯ್ದವು. ಇಲ್ಲಿನ ಬಿಸಿಲು ಮತ್ತು ಗಾಳಿ ಒಂದು ವರ್ಷದಲ್ಲಿ ಹೀರಬಲ್ಲ ನೀರು ಬೀಳುವ ಮಳೆಯ ಸುಮಾರು ಮೂರು ಪಟ್ಟು. ಅರೆಶುಷ್ಕ ಪ್ರದೇಶ ಎಂದು ಪುಸ್ತಕದಲ್ಲಿ ಓದುವ ಪದದ ಅರ್ಥ ಇದು: ಆಕಾಶ ಕೊಡುವುದಕ್ಕಿಂತ ಹೆಚ್ಚು ಕೇಳುತ್ತದೆ.

ಜವನಗೊಂಡನಹಳ್ಳಿ ಇರುವುದು ಮಾರಿಕಣಿವೆಯ ನಾಲೆಗಳ ಮಗ್ಗುಲಲ್ಲಲ್ಲ. ಈ ಹೋಬಳಿಗೆ ತನ್ನದೇ ಆದ ಚಿಕ್ಕ ಜಲಾಶಯವಿದೆ, ಸುವರ್ಣಮುಖಿಗೆ ಕಟ್ಟಿದ ಗಾಯತ್ರಿ ಜಲಾಶಯ. ಮಲೆನಾಡಿನ ಬೇರಿಲ್ಲದ ಇಂಥ ಹೊಳೆ ಹರಿಯುವುದು ಸೀಮೆಯ ಮಳೆಯನ್ನೇ ನಂಬಿ. ಆದ್ದರಿಂದ ಟಿ.ವಿ.ಯಲ್ಲಿ ‘ರಾಜ್ಯದ ಜಲಾಶಯಗಳು ಭರ್ತಿ, ರೈತರ ಮುಖದಲ್ಲಿ ಮಂದಹಾಸ’ ಎಂದು ಕೇಳಿದಾಗ ಯಾವ ಜಲಾಶಯ, ಯಾವ ರೈತ ಎಂದು ಕೇಳುವುದನ್ನು ಮಕ್ಕಳು ಕಲಿಯಬೇಕು. ಕೆ.ಆರ್.ಎಸ್. ತುಂಬಿದ್ದು ಕೊಡಗಿನ ಮಳೆಗೆ, ಆಲಮಟ್ಟಿ ತುಂಬಿದ್ದು ಮಹಾರಾಷ್ಟ್ರದ ಮಳೆಗೆ. 2022 ಅತಿವೃಷ್ಟಿಯ ವರ್ಷ. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ಆ ವರ್ಷ ನೆಲೆಗೊಂಡಿತ್ತು. ಹನ್ನೆರಡು ತಿಂಗಳ ಅಂತರದಲ್ಲಿ ಕೋಡಿಯೂ ಬರವೂ. ಸರಾಸರಿ 550 ಮಿ.ಮೀ. ಎಂದು ಹೇಳುವುದು ಸುಲಭ. ಒಂದು ವರ್ಷ 800, ಮರುವರ್ಷ 300 ಬಿದ್ದರೂ ಸರಾಸರಿ ಅದೇ 550. ಬದುಕು ಅದೇ ಅಲ್ಲ.

ಹಳೆಯ ತಲೆಮಾರು ಇದನ್ನು ಬೇರೆ ರೀತಿ ಹೇಳುತ್ತಿತ್ತು. 1876-78ರ ಮಹಾಕ್ಷಾಮಕ್ಕೆ ನಮ್ಮಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಎಂದೇ ಹೆಸರು. ಮೈಸೂರು ಸೀಮೆಯ ಜನರಲ್ಲಿ ಐವರಿಗೆ ಒಬ್ಬರು ಆಗ ಅಳಿದರೆಂಬುದು ಇತಿಹಾಸ. ಮಾರಿಕಣಿವೆಯಂಥ ಕಟ್ಟೆಗಳ ಯೋಚನೆಗೆ ಬಲ ಬಂದದ್ದು ಆ ನೆನಪು ಹಸಿಯಾಗಿದ್ದ ದಿನಗಳಲ್ಲೇ.

ಬರವನ್ನು ಇಂದು ಅಳೆಯುವವರು ಯಾರು? ಬರ ನಿರ್ವಹಣೆಗೆಂದೇ 1988ರಲ್ಲಿ ಕರ್ನಾಟಕ ಒಂದು ಘಟಕವನ್ನು ಸ್ಥಾಪಿಸಿತು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿ ಮಳೆ ಅಳೆದು ಬೆಂಗಳೂರಿಗೆ ಸುದ್ದಿ ಕಳಿಸುವ ಸಾವಿರಾರು ಮಾಪಕಗಳನ್ನು ಅದು ನೆಟ್ಟಿದೆ. ನಿಮ್ಮ ಪಂಚಾಯಿತಿ ಕಟ್ಟಡದ ಬಳಿ ಕಂಬದ ಮೇಲೆ ಸೌರಫಲಕದೊಂದಿಗೆ ನಿಂತಿರುವ ಪೆಟ್ಟಿಗೆಯನ್ನು ನೋಡಿರಬಹುದು. ಅದನ್ನು ಗೌರವದಿಂದ ಕಾಣಿ, ಕಲ್ಲು ಹೊಡೆಯುವ ಗುರಿಯಾಗಿ ಅಲ್ಲ. ತಾಲ್ಲೂಕನ್ನು ಬರಪೀಡಿತವೆಂದು ಘೋಷಿಸುವಾಗ ಮೊದಲು ನೋಡುವುದು ಮಳೆಯ ಕೊರತೆಯನ್ನು, ಮಳೆಯಿಲ್ಲದ ಸತತ ವಾರಗಳನ್ನು. ದಾಳಿಂಬೆಯಂಥ ತೋಟದ ಬೆಳೆಗಳ ಹವಾಮಾನ ಆಧಾರಿತ ವಿಮೆ ನಿಂತಿರುವುದೂ ಮಾಪಕಗಳ ಅಂಕಿಗಳ ಮೇಲೆಯೇ. ಶೇಂಗಾದಂಥ ಹೊಲದ ಬೆಳೆಗೆ ಪಂಚಾಯಿತಿ ಅಥವಾ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗದ ಇಳುವರಿ ಲೆಕ್ಕ.

ಗುಡುಗು ಮಳೆಯ ಗುಣವೆಂದರೆ ಅದು ಅಗಲವಾಗಿ ಬೀಳುವುದಿಲ್ಲ. ಎತ್ತಿನ ಒಂದು ಕೋಡು ನೆನೆಸಿ ಇನ್ನೊಂದನ್ನು ಒಣಗಲು ಬಿಡುವ ಮಳೆ ಎಂದು ರೈತರು ನಗೆಯಾಡುವುದುಂಟು. ಮಾಪಕದ ಮೇಲೆ ಬಿದ್ದು ನಿಮ್ಮ ಹೊಲದ ಮೇಲೆ ಬೀಳದೆ ಹೋದ ಮಳೆ ಕಾಗದದಲ್ಲಿ ನಿಮ್ಮ ಹೊಲದ ಮೇಲೂ ಬಿದ್ದಂತೆಯೇ! ಇದಕ್ಕೇ ಹೇಳುವುದು, ನಿಮ್ಮ ಮನೆಯಲ್ಲೊಂದು ಮಾಪಕ ಇರಲಿ. ಅದರ ಅಂಕಿಗೆ ಸರಕಾರಿ ಮಾನ್ಯತೆ ಸಿಗದು, ನಿಜ. ಆದರೆ ಗ್ರಾಮಸಭೆಯಲ್ಲಿ ‘ನಮ್ಮ ಕಡೆ ಮಳೆಯೇ ಇಲ್ಲ ಸ್ವಾಮಿ’ ಎನ್ನುವವರ ಮಾತಿಗೂ, ಮೂರು ವರ್ಷದ ದಿನವಹಿ ಪುಸ್ತಕ ಹಿಡಿದು ನಿಲ್ಲುವವರ ಮಾತಿಗೂ ತೂಕ ಬೇರೆ.

ಮಾಡುವ ವಿಧಾನ ಸರಳ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ, ಚಪ್ಪಟೆ ತಳದ ಡಬ್ಬಿ ಅಥವಾ ಜಾಡಿ ಬೇಕು, ಮತ್ತು ಒಂದು ಅಳತೆಪಟ್ಟಿ. ಡಬ್ಬಿ ದೊಡ್ಡದಾದರೇನು, ಚಿಕ್ಕದಾದರೇನು, ನಿಂತ ನೀರಿನ ಆಳವೇ ಮಳೆಯ ಪ್ರಮಾಣ. ಹೇಗೆ ಎಂದು ಯೋಚಿಸಿ. ಬಾಯಿ ಅಗಲವಾದಷ್ಟೂ ಹಿಡಿಯುವ ನೀರೂ ಹೆಚ್ಚು, ಹರಡುವ ತಳವೂ ಹೆಚ್ಚು. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರವಿಡಿ. ಜುಲೈ ಗಾಳಿಗೆ ಉರುಳದಂತೆ ಅರ್ಧ ಹೂತಿಡಿ, ಆದರೆ ನೆಲದ ನೀರು ಸಿಡಿದು ಒಳಬೀಳದಷ್ಟು ಬಾಯಿ ಮೇಲಿರಲಿ. ಜೋರು ಗಾಳಿಯಲ್ಲಿ ಹನಿಗಳು ಡಬ್ಬಿಯ ಬಾಯಿ ತಪ್ಪಿಸಿ ಹಾರುವುದರಿಂದ ಅಳತೆ ತುಸು ಕಡಿಮೆಯೇ ಬರುತ್ತದೆ. ದೊಡ್ಡ ಇಲಾಖೆಗಳ ಮಾಪಕಗಳಿಗೂ ಈ ತೊಂದರೆ ತಪ್ಪಿದ್ದಲ್ಲ. ಭಾರತೀಯ ಹವಾಮಾನ ಇಲಾಖೆಯವರು ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ಶಾಲೆಗೆ ಹೊರಡುವ ಹೊತ್ತು; ನೀವೂ ಆಗಲೇ ಅಳೆಯಿರಿ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅವರ ಲೆಕ್ಕದಲ್ಲಿ ಅದು ಮಳೆಯ ದಿನ.

ಒಂದು ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆ 4,047 ಚದರ ಮೀಟರ್. 25 ಮಿ.ಮೀ.ನ ಒಂದು ಹದ ಮಳೆ ಒಂದು ಎಕರೆಯ ಮೇಲೆ ಸುರಿಯುವ ನೀರು ಒಂದು ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತರಿಸಿದರೆ ಇಪ್ಪತ್ತು ಲೋಡು! 50 ಚದರ ಮೀಟರಿನ ನಿಮ್ಮ ಮನೆಯ ಮಾಳಿಗೆಯ ಮೇಲೆ ಅದೇ ಮಳೆಗೆ 1,250 ಲೀಟರ್. ಕೊಳವೆಬಾವಿ ಆಳಕ್ಕೆ ಹೋದಂತೆಲ್ಲ ನೀರಿನಲ್ಲಿ ಫ್ಲೋರೈಡ್ ಕಾಡುವ ಈ ಜಿಲ್ಲೆಯಲ್ಲಿ ಮಾಳಿಗೆಯ ಮಳೆನೀರು ಚಿನ್ನ.

ಪೋಷಕರಿಗೆ ಒಂದು ಮಾತು, ಸಿಡಿಲಿನ ಬಗ್ಗೆ. ಈ ಸೀಮೆಯ ಮಳೆ ಹೆಚ್ಚಾಗಿ ಗುಡುಗು ಮಳೆಯಾದ್ದರಿಂದ ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರಿನ ಸಂಜೆಗಳು ಅಪಾಯದವು. ಕುರಿ ಮೇಯಿಸಲು ಹೋದವರು ಮರದಡಿ ನಿಲ್ಲುವುದೇ ಹೆಚ್ಚು, ಅದೇ ತಪ್ಪು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ದೂರ. ಮೂವತ್ತರೊಳಗೆ ಗುಡುಗು ಕೇಳಿದರೆ ಗಟ್ಟಿ ಕಟ್ಟಡದೊಳಗೆ ಸೇರಬೇಕು, ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಬರಬಾರದು. ಮುನ್ಸೂಚನೆಗೆ ‘ಸಿಡಿಲು’, ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳಿವೆ. ಮಕ್ಕಳು ಆಟದ ಆ್ಯಪ್‌ಗಳ ನಡುವೆ ಇವಕ್ಕೂ ಜಾಗ ಕೊಡಲಿ.

ಇನ್ನು ದಿನವಹಿ ಪುಸ್ತಕ. ಎಡಗಡೆ ತಾರೀಖು, ಅದರ ಪಕ್ಕ ಮಳೆ ನಕ್ಷತ್ರ (ಇದನ್ನು ಅಜ್ಜಿಯನ್ನು ಕೇಳಿ ಬರೆಯಿರಿ), ಆಮೇಲೆ ಮಿ.ಮೀ., ಕೊನೆಗೆ ಗಾಳಿಯ ದಿಕ್ಕು. ಬಿತ್ತಿದ ದಿನ, ಮೊದಲ ಹೂವು ಕಂಡ ದಿನ, ಕಿತ್ತ ದಿನ ಇವುಗಳನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ಮಳೆ ಬಾರದ ದಿನ ಜಾಗ ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ. ಖಾಲಿ ಎಂದರೆ ಆ ದಿನ ಅಳೆಯಲಿಲ್ಲ ಎಂದರ್ಥ, ಸೊನ್ನೆ ಎಂದರೆ ಅಳೆದೆ, ಬರಲಿಲ್ಲ ಎಂದರ್ಥ. ಜವನಗೊಂಡನಹಳ್ಳಿಯಲ್ಲಿ ವರ್ಷಕ್ಕೆ ಮುನ್ನೂರರಷ್ಟು ಸೊನ್ನೆಗಳನ್ನು ಬರೆಯಬೇಕಾದೀತು. ದಪ್ಪನೆಯ ಪುಸ್ತಕವನ್ನೇ ಕೊಳ್ಳಿ.